ಬದಿಯ ಕಣ್ಣು

ಹಬ್ಬುವಾಡ, ಕಾರವಾರ
೯ ಅಕ್ಟೋಬರ್ ೨೦೨೫

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಮಲ್ಪೆಯ ಬೋಟಿನ ಊಟ ಹಿಡಿಸಿತೇ? ಸೊಂಟನೋವು ಹೇಗಿದೆ? ಕಣ್ಣು ಹೇಗಿದೆ? ಕಣ್ಣಿನ ವಿಷಯ ಫೋನಿನಲ್ಲಿ ಕೇಳಿದರೆ ನಿನ್ನದು ಒಂದೇ ಉತ್ತರ: "ನನ್ನ ಕಣ್ಣಿಗೆ ಎಂತದೂ ಆಗ್ಲಿಲ್ಲ ಮಗಾ, ದೂರ ಹೋಗು ಬೋಟಿನ ಹೆಸ್ರು ಓದಿ ತೋರ್ಸ್ಲಾ?" ಅಷ್ಟು ಹೇಳುವಷ್ಟರಲ್ಲಿ ರೇಂಜು ಹೋಗುತ್ತದೆ, ಇಲ್ಲವೇ ನೀನೇ ಫೋನು ಇಡುತ್ತೀಯ. ಪತ್ರವನ್ನಾದರೆ ಹಾಗೆ ಕಟ್ ಮಾಡಲು ಬರುವುದಿಲ್ಲ. ನಮ್ಮ ಬೇಲೆಕೇರಿಯ ರೋಷನ ನಾಳೆ ನಿಮ್ಮ ಬೋಟಿಗೇ ಕೆಲಸಕ್ಕೆ ಹೊರಟಿದ್ದಾನೆ, ಅವನ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ಆಯಿ ಆರಾಮಾಗಿದ್ದಾಳೆ. ನೀನು ಹೊರಡುವ ದಿನ ಹೆಗಲು ಬಡಿದುಕೊಂಡು "ಈ ಬಾಗ್ಲೇ ಸಣ್ಣ" ಎಂದು ಬೈದೆಯಲ್ಲ, ಆ ಬಾಗಿಲು ಮಾತ್ರ ಇನ್ನೂ ಅಷ್ಟೇ ಅಗಲವಿದೆ ಎಂದು ಹೇಳಲು ಹೇಳಿದ್ದಾಳೆ.

ಮೊದಲು ಸಂತೋಷದ ಸುದ್ದಿ. ನನ್ನ ಜಿಗಿಯುವ ಜೇಡಗಳ ಸಂಶೋಧನೆಯ ಮೊದಲ ಲೇಖನ ಅಚ್ಚಿಗೆ ಒಪ್ಪಿಗೆಯಾಗಿದೆ. ಕೊನೆಯಲ್ಲಿ ನೆರವಾದವರಿಗೆ ವಂದನೆ ಹೇಳುವ ಜಾಗದಲ್ಲಿ ಗೈಡ್ ಜಯಂತಿ ಮೇಡಂ ಅವರ ಹೆಸರಿಗಿಂತ ಮುಂಚೆ ನಿನ್ನ ಹೆಸರು ಹಾಕಿದ್ದೇನೆ. ಮೇಡಂ ನೋಡಿ ನಕ್ಕರು, ತೆಗೆಯಲು ಹೇಳಲಿಲ್ಲ. ಅಪ್ಪಾ, ಜುಲೈಯಲ್ಲಿ ನಾನು ಡೆಂಗ್ಯೂ ಜ್ವರದಿಂದ ಊರಿನಲ್ಲಿ ಮಲಗಿದ್ದಾಗ ನೀನು ಈ ರೂಮಿಗೆ ಬಂದು ಇರದಿದ್ದರೆ ಲೇಖನವೂ ಇಲ್ಲ, ಜೇಡವೂ ಇಲ್ಲ. ಬಂದ ಮೊದಲ ದಿನವೇ ನೀನು ಮಾಡಿದ ಘನಕಾರ್ಯ ನೆನೆದರೆ ಈಗಲೂ ನಗು ಬರುತ್ತದೆ. ಕೊಳೆತ ಬಾಳೆಹಣ್ಣಿನ ಬಾಟಲಿಯಲ್ಲಿ ನುಸಿ ತುಂಬಿವೆ, ಪಾಪ, ಹುಡುಗಿಗೆ ತೊಳೆಯಲು ಪುರಸೊತ್ತಾಗಲಿಲ್ಲ ಎಂದು ಎಲ್ಲ ಚೆಲ್ಲಿ, ಬಾಟಲಿಯನ್ನು ಫಳಫಳ ತೊಳೆದು ಬೋರಲು ಹಾಕಿದೆ. ಆ ನುಸಿಗಳೇ ಜೇಡಗಳ ಊಟ! ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು.

ಊಟ ಚೆಲ್ಲಿದವನೇ ಊಟ ಹಾಕಬೇಕು ಎಂಬುದು ನಿನ್ನ ನ್ಯಾಯ. ಆಯಿ ಕಟ್ಟಿಕೊಟ್ಟಿದ್ದ ಒಣ ಶೆಟ್ಲಿಯನ್ನು, ಸಿಗಡಿ ತಿನ್ನದ ಪ್ರಾಣಿ ಭೂಮಿಯ ಮೇಲೆ ಇದ್ದೀತೇ ಎಂಬ ಧೈರ್ಯದಲ್ಲಿ, ಪುಡಿ ಮಾಡಿ ಒಂದೊಂದು ಡಬ್ಬಿಗೂ ಬಡಿಸಿದೆ. ಅವು ಮೂಸಿಯೂ ನೋಡಲಿಲ್ಲ. ಬಲೆ ಕಟ್ಟದೆ, ಕಣ್ಣಿನಿಂದ ಹುಡುಕಿ ಜಿಗಿದು ಹಿಡಿಯುವ ಜಾತಿ ಅದು; ಅಲುಗಾಡದ್ದು ಅದಕ್ಕೆ ಊಟವೇ ಅಲ್ಲ. ಜ್ವರದಲ್ಲಿದ್ದ ನನ್ನನ್ನು ಕೇಳಲು ಮನಸ್ಸಾಗದೆ ನೀನು ಗಾಳದ ತೆಳು ದಾರ ತಂದು, ಶೆಟ್ಲಿಯ ಚೂರು ಕಟ್ಟಿ, ಪ್ರತಿಯೊಂದು ಜೇಡದ ಮುಂದೆಯೂ ಕುಣಿಸಿದೆ. ಮೊದಲ ಎರಡು ದಿನ ಅವು ನಿನ್ನನ್ನೇ ದುರುಗುಟ್ಟಿ ನೋಡಿದವಂತೆ. ಮೂರನೆಯ ದಿನ ಒಂದು ಜಿಗಿಯಿತು. ಕಡಲಿನಲ್ಲಿ ದೊಡ್ಡ ಇಸೋಣ ಮೀನು ಸಿಕ್ಕಾಗಲೂ ಹಾಗೆ ಕೂಗಿರಲಿಕ್ಕಿಲ್ಲ ನೀನು. ಕೆಳಗಿನ ಮನೆಯ ಓನರಮ್ಮ ಹೆದರಿ ಮಹಡಿಗೆ ಓಡಿ ಬಂದರಂತೆ. ನಾನು ಏಳುವವರೆಗೂ ಕಣ್ಣಲ್ಲಿ ಕಣ್ಣಿಟ್ಟು ಅವನ್ನು ಸಾಕಿದೆ. ಇದಕ್ಕೆ ಬರಿಯ ಉಪಕಾರ ಎನ್ನಲು ನಾಲಗೆ ಬರುವುದಿಲ್ಲ ಅಪ್ಪಾ. ನನ್ನ ಕೆಲಸ ಏನೆಂದು ಪೂರ್ತಿ ತಿಳಿಯದೆಯೂ ಅದನ್ನು ನಿನ್ನದೆಂದು ಮಾಡಿದೆಯಲ್ಲ, ಅದು ದೊಡ್ಡದು.

ಈಗ ಆ ಕೆಲಸ ಏನೆಂದು ಹೇಳುತ್ತೇನೆ, ಬೋಟಿನವರು ಕೇಳಿದರೆ ನೀನು ತಡವರಿಸಬಾರದು. ಜೇಡಕ್ಕೆ ಎಂಟು ಕಣ್ಣು. ಮುಂದಿನ ಎರಡು ದೊಡ್ಡವು ಬಹಳ ಚುರುಕು, ಆದರೆ ಅವಕ್ಕೆ ಕಾಣುವುದು ಎದುರಿನ ಸಣ್ಣ ಜಾಗ ಮಾತ್ರ. ಬದಿಯಲ್ಲಿ ಏನಾದರೂ ಸರಿದರೆ ಹೇಳುವವು ಪಕ್ಕದ ಕಣ್ಣುಗಳು. ಅವು ಹೇಳಿದ ಮೇಲೆಯೇ ಜೇಡ ಆ ಕಡೆ ತಿರುಗುತ್ತದೆ. ಆ ಪಕ್ಕದ ಕಣ್ಣುಗಳ ಮೇಲೆ ನೋವಾಗದಂಥ ಮೆತ್ತನೆಯ ಅಂಟು ಹಚ್ಚಿ, ಬದಿಯಿಂದ ಒಂದು ಕಪ್ಪು ಮಣಿ ಜಾರಿಸಿದೆ. ಜೇಡ ಕದಲಲಿಲ್ಲ. ಮಣಿ ಮೈಗೆ ತಾಗುವಷ್ಟು ಹತ್ತಿರ ಬಂದರೂ ಆರಾಮಾಗಿ ಕೂತಿತ್ತು. ಅದೇ ಮಣಿಯನ್ನು ದೂರದಲ್ಲಿ, ಎದುರಿಗೆ ಇಟ್ಟ ಕೂಡಲೇ ನೆಟ್ಟಗೆ ನೋಡಿತು. ಎದುರಿಗೆ ಎಲ್ಲ ಕಾಣುವುದರಿಂದ ತನಗೆ ಏನೋ ಕಾಣುತ್ತಿಲ್ಲ ಎಂಬುದು ಅದಕ್ಕೆ ಗೊತ್ತೇ ಆಗುವುದಿಲ್ಲ. ಅಂಟು ತೆಗೆದ ಮೇಲೆ ಮತ್ತೆ ಮೊದಲಿನಂತೆ ತಿರುಗತೊಡಗಿತು.

ಹೋದ ವಾರ ಹಾಗೆ ನೋಡುತ್ತ ಕೂತವಳಿಗೆ, ಜ್ವರ ಬಿಟ್ಟು ನಾನು ರೂಮಿಗೆ ಮರಳಿದ ದಿನ ಇದೇ ಮೇಜಿನ ಮುಂದೆ ನೀನು ದಾರ ಕುಣಿಸುತ್ತ ಕೂತದ್ದು ನೆನಪಾಯಿತು. ನಿನ್ನ ಎಡಗೈ ಪಕ್ಕದಲ್ಲೇ ನಾನು ಚಾ ಇಟ್ಟಿದ್ದೆ. "ಚಾ ತರ್ಲಿಲ್ಲೇನೆ?" ಎನ್ನುತ್ತ ನೀನು ಕೈ ಎತ್ತಿ ಅದನ್ನು ಬೀಳಿಸಿದೆ. ಕರೆದರೆ ಕತ್ತು ಮಾತ್ರವಲ್ಲ, ಇಡೀ ಮೈ ತಿರುಗಿಸಿ ನೋಡಿದೆ. "ನೀನೂ ಜೇಡನೇ ಆದೆ" ಎಂದು ನಾನು ನಕ್ಕೆ, ನೀನೂ ನಕ್ಕೆ. ಇರಲಿ, ರೋಷನ ಅವಸರ ಮಾಡುತ್ತಿದ್ದಾನೆ.

ಆಯಿ ಕೊಟ್ಟ ಶೆಟ್ಲಿ ಚಟ್ನಿ ಚೀಲದಲ್ಲಿದೆ, ನೀನೇ ತಿನ್ನು, ಹಂಚಿ ಮುಗಿಸಬೇಡ. ಬೋಟಿನವರಿಗೆಲ್ಲ ನನ್ನ ನಮಸ್ಕಾರ ಹೇಳು. ಕಡಲತಾಯಿ ನಿಮ್ಮೆಲ್ಲರನ್ನೂ ಮಡಿಲಲ್ಲಿಟ್ಟು ಕಾಯಲಿ.

ನಿನ್ನ ಮುದ್ದಿನ
ಮಾನಸಾ

ತಾ.ಕ.: ಅಪ್ಪಾ, ಸಿಟ್ಟಾಗಬೇಡ. ಎದುರಿನ ಬೋಟಿನ ಹೆಸರು ನೀನು ಓದುತ್ತೀಯ, ನಂಬುತ್ತೇನೆ. ನಿನಗೆ ಬದಿ ಕಾಣುತ್ತಿಲ್ಲ. ಅಂಕೋಲೆಯ ಕಣ್ಣಿನ ಡಾಕ್ಟರಿಗೆ ಎಲ್ಲ ಹೇಳಿದೆ. ಕಣ್ಣಿನೊಳಗಿನ ಒತ್ತಡ ಹೆಚ್ಚಾದರೆ ಹೀಗಾಗಬಹುದು, ನೋಡದೆ ಹೇಳಲಾಗದು, ತಡ ಮಾಡಬೇಡಿ ಎಂದರು. ಅದೇ ಆಗಿದ್ದರೆ ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದನ್ನು ಉಳಿಸಬಹುದಂತೆ. ಜೇಡದ ಅಂಟನ್ನು ನಾನೇ ತೆಗೆದೆ. ಇದು ನನ್ನ ಕೈಯಿಂದ ಆಗುವ ಕೆಲಸವಲ್ಲ. ಬದಿಯಿಂದ ಬರುವ ಹಗ್ಗ ಕಾಣದವನು ಬೋಟಿನ ಮೇಲೆ ನಿಲ್ಲಬಾರದು, ಇದನ್ನು ನೀನೇ ಬೇರೆಯವರಿಗೆ ಹೇಳಿದವನು. ನನ್ನ ಮಾತು ಬೇಡವೆಂದರೆ ನೀನು ಸಾಕಿದ ಜೇಡಗಳ ಮಾತಾದರೂ ಕೇಳು. ದಡಕ್ಕೆ ಬಂದ ಕೂಡಲೇ ಬಸ್ ಹತ್ತಿ ಅಂಕೋಲೆಯ ಬಾಳೆಗುಳಿ ಕ್ರಾಸಿನಲ್ಲಿ ಇಳಿ. ನಾನು ಬಸ್ಸಿನ ಬಾಗಿಲ ಎದುರಿಗೇ ನಿಂತಿರುತ್ತೇನೆ, ಬದಿಯಲ್ಲಲ್ಲ.