ಮೂಲೆಯ ಬೆರಳು

ಅಪ್ಪಾ,

ನೀವು ಹೋದಮೇಲೆ ಅಟ್ಟದಲ್ಲಿ ಸಿಕ್ಕ, ನೀವು ತೆಗೆದ ಫೋಟೊಗಳನ್ನು ಸ್ಕ್ಯಾನ್ ಮಾಡಲು ಕೊಟ್ಟಿದ್ದೆ. ಇವತ್ತು ಸ್ಟುಡಿಯೊದವನು ಹೆಮ್ಮೆಯಿಂದ, "ಮೂಲೇಲಿ ಬೆರಳು ಅಡ್ಡ ಬಂದಿತ್ತು ಮೇಡಂ, ಎಲ್ಲಾದ್ರಲ್ಲೂ ತೆಗೆದುಬಿಟ್ಟಿದೀನಿ" ಅಂದ.

ಆ ಬೆರಳಿಗಾಗಿ ನಿಮ್ಮನ್ನು ಎಷ್ಟು ಗೇಲಿ ಮಾಡುತ್ತಿದ್ದೆವು. ಅದು ಬಿಟ್ಟರೆ ಆ ಫೋಟೊಗಳಲ್ಲಿ ನೀವು ಎಲ್ಲೂ ಇಲ್ಲ ಎಂಬುದು ಆಗ ಹೊಳೆಯಿತು.

"ಮೊದಲು ಹೇಗಿತ್ತೋ ಹಾಗೇ ಮಾಡಿಕೊಡಿ" ಎಂದೆ. ಇವಳಿಗೆ ತಲೆ ಕೆಟ್ಟಿದೆ ಎಂಬಂತೆ ನೋಡಿದ, ಆದರೆ ಮಾಡಿಕೊಟ್ಟ.

ಮನೆಗೆ ಬಂದು ಅಮ್ಮನಿಗೆ ಫೋನಿನಲ್ಲಿ ತೋರಿಸಿದೆ. ಅವಳು ಒಂದು ಫೋಟೊವನ್ನು ಹಿಗ್ಗಿಸುತ್ತಲೇ ಹೋದಳು. ನಾನು, ತಮ್ಮ, ಅವನ ಹೊಸ ಸೈಕಲ್ಲು, ಎಲ್ಲ ಪರದೆಯಾಚೆ ಸರಿದೆವು. ನಿಮ್ಮ ಬೆರಳೊಂದೇ ಉಳಿಯಿತು.

"ಎಷ್ಟು ಸಲ ಹೇಳಿದ್ರೂ ಉಗುರು ಕತ್ತರಿಸ್ಕೊಳ್ಳಲ್ಲ ನೋಡು ಇವ್ರು" ಎಂದಳು.