ನಡುವೆ ಇನ್ನು ಯಾರೂ ಬೇಡ

ಶನಿವಾರ ಪೇಠ, ಪುಣೆ
ಮಾರ್ಗಶಿರ ಶುದ್ಧ ಪಂಚಮಿ, ೧೯೩೪

ಚಿ. ಸೌ. ಇಂದೂಗೆ ಅವ್ವನ ಮನಸಾರೆ ಆಶೀರ್ವಾದಗಳು.

ಇತ್ತ ನಾವೆಲ್ಲ ಕ್ಷೇಮ ಎಂದು ಎಲ್ಲರೂ ಬರೆಯುತ್ತಾರೆ. ಇಷ್ಟು ದಿನ ನಾನೂ ಹಾಗೇ ಬರೆದೆ. ಈ ಸಲ ಅದು ನಿಜ. ಅದಕ್ಕೇ ಕಾರ್ಡು ಬಿಟ್ಟು ಲಕೋಟೆ ತರಿಸಿದ್ದೇನೆ. ಕೆಲಸವೆಲ್ಲ ಮುಗಿಸಿಕೊಂಡು ಕೂತು ಓದು. ಒಲೆಯ ಮೇಲೆ ಹಾಲಿಟ್ಟುಕೊಂಡು ಓದಲಿಕ್ಕೆ ಹೋಗಬೇಡ, ಉಕ್ಕಿಸುತ್ತೀ.

ನಿನ್ನ ಪತ್ರ ನಿನ್ನೆ ಮುಟ್ಟಿತು. ಸಂಕ್ರಾಂತಿ ಮುಗಿದ ಕೂಡಲೇ ಧಾರವಾಡದಿಂದ ಹೊರಟು ಬರುತ್ತೀಯಂತೆ, ಯುಗಾದಿಯವರೆಗೆ ಇಲ್ಲೇ ಇರುತ್ತೀಯಂತೆ, ಗಂಡನನ್ನೂ ಒಪ್ಪಿಸಿದ್ದೀಯಂತೆ. "ನಾ ಇಲ್ಲದ ನೀವಿಬ್ರೂ ಹೆಂಗ ಮಾತಾಡ್ತೀರಿ ಅನ್ನೋದ ನನಗ ಚಿಂತಿ ಆಗೇದ" ಎಂದು ಬರೆದಿದ್ದೀ. ಓದಿ ನಗು ಬಂತು, ಆಮೇಲೆ ಅಳು ಬಂತು. ಮದುವೆಯಾಗಿ ವರ್ಷ ತುಂಬದ ಹುಡುಗಿ ತನ್ನ ಸಂಸಾರ ಬಿಟ್ಟು ಅವ್ವ ಅಪ್ಪನ ನಡುವೆ ಮಾತು ಹೊರಲಿಕ್ಕೆ ಬರಬೇಕೇ? ಬರಬೇಡ. ಅದನ್ನು ಹೇಳಲಿಕ್ಕೇ ಈ ಪತ್ರ. ಯಾಕೆ ಬೇಡ ಎಂಬುದನ್ನೂ ಹೇಳುತ್ತೇನೆ, ಕೇಳು.

ನಮ್ಮಿಬ್ಬರಲ್ಲಿ ಎಂದೂ ಜಗಳವಿರಲಿಲ್ಲ, ಮಹಾರಾಯ್ತಿ. ಜಗಳವಾಡಬೇಕಾದರೂ ಮಾತಾಡಬೇಕಲ್ಲ! ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನಿನಗಿಂತ ಚಿಕ್ಕವಳು. ಅತ್ತೆಯವರ ಎದುರು ಗಂಡನಿಗೆ ನೇರವಾಗಿ ಒಂದು ಮಾತು ಆಡಿದರೆ ಮುಗಿಯಿತು, ಮರ್ಯಾದೆಗೆಟ್ಟವಳು ಎನ್ನಿಸಿಕೊಳ್ಳಬೇಕು. ಅವರೂ ಅಷ್ಟೇ. ಸಾರು ಬೇಕಾದರೆ ತಮ್ಮ ಅವ್ವನಿಗೆ ಹೇಳುವರು, ಅವ್ವ ನನಗೆ ಹೇಳುವರು. ಅತ್ತೆಯವರು ತೀರಿಕೊಂಡಾಗ ನೀನು ಆಗಷ್ಟೇ ಮಾತು ಕಲಿತು ಚಿಲಿಪಿಲಿ ಎನ್ನುತ್ತಿದ್ದೆ. ಒಂದು ಸಂಜೆ ನಿನ್ನ ಅಪ್ಪ ಕಚೇರಿಯಿಂದ ಬಂದವರು ಅಡಿಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದರು, ಬಾಯಿ ತೆರೆದರು, ಮುಚ್ಚಿದರು. ಆಮೇಲೆ ಆಡುತ್ತ ಕೂತಿದ್ದ ನಿನ್ನ ಕಡೆ ತಿರುಗಿ, "ಇಂದೂ, ನಾಳೆ ಲಗೂ ಹೋಗಬೇಕು ಅಂತ ನಿಮ್ಮವ್ವಗ ಹೇಳು" ಎಂದರು. ನಾನೂ "ಆತು ಅಂತ ಹೇಳವ್ವಾ" ಎಂದೆ. ಆವತ್ತಿನಿಂದ ನಿನಗೆ ಈ ನೌಕರಿ ಹತ್ತಿತು. ನಿನಗೆ ಗಂಟಲು ಕಟ್ಟಿದರೆ ಮನೆಯೇ ಮೂಕವಾಗುತ್ತಿತ್ತು.

ವೈಶಾಖದಲ್ಲಿ ನಿನ್ನನ್ನು ಕಳಿಸಿಕೊಟ್ಟೆವು. ಆಷಾಢದಲ್ಲಿ ನಿನ್ನ ಅಪ್ಪನಿಗೆ ಪೆನ್ಶನ್ ಆಯಿತು. ಅಲ್ಲಿಂದ ಶುರುವಾಯಿತು ನೋಡು ನನ್ನ ಫಜೀತಿ. ಅವರು ಪಡಸಾಲೆಯಲ್ಲಿ ವರ್ತಮಾನಪತ್ರ ಹಿಡಿದು ಕೂತರೆ ನಾನು ಒಳಗೆ ಒಲೆಯ ಮುಂದೆ. ನಾನು ಗೋಡೆಯ ಕಡೆ ನೋಡಿ "ಅಡಿಗಿ ಆಗೇದ" ಎನ್ನಬೇಕು. ಕೊಡೆ ಬೇಕಾದರೆ ಅವರು ತುಳಸಿಯ ಮುಂದೆ ನಿಂತು "ಕೊಡಿ ಎಲ್ಲಿ ಹೋತೋ ಏನೋ" ಎನ್ನಬೇಕು. ಕಡೆಗೆ ಪಕ್ಕದ ಕೋಲಿಯಲ್ಲಿ ಬಿಡಾರ ಮಾಡಿರುವ ರಂಗೂಬಾಯಿಯನ್ನು ಹಿಡಿದೆ. ಪಾಪ, ಬಾಗಿಲಲ್ಲಿ ಕೂತು ಅಕ್ಕಿ ಆರಿಸಿಕೊಂಡಿದ್ದ ಹೆಂಗಸು. ಅವಳಿಗೆ ಕನ್ನಡ ಬರುವುದಿಲ್ಲ. ನಾನು ಅವಳಿಗೆ ಮರಾಠಿಯಲ್ಲಿ ಹೇಳುವುದು, ಅವಳು ಇವರಿಗೆ ಹೇಳುವುದು, ಇವರು ಮರಾಠಿಯಲ್ಲೇ ಉತ್ತರ ಕೊಡುವುದು! ಒಂದೇ ಮನೆಯಲ್ಲಿರುವ ಇಬ್ಬರು ಕನ್ನಡದವರ ಪಾಡು ಇದು. ದೀಪಾವಳಿಗೆ ನೀನು ಬಂದೆಯಲ್ಲ, ಮತ್ತೆ ನೀನೇ ಸಿಕ್ಕೆ ನಮಗೆ. ಅಳಿಯಂದಿರು ಆ ಕಡೆ ಮುಖ ತಿರುಗಿಸಿ ನಕ್ಕಿದ್ದನ್ನು ನಾನು ನೋಡಿಲ್ಲ ಅಂದುಕೊಂಡಿರಬೇಕು.

ನೀವು ಅತ್ತ ಹೋದ ಮೇಲೆ ರಂಗೂಬಾಯಿಯೂ ಕೈಚೆಲ್ಲಿದಳು. "ಮೀ ಕಾಯ್ ಪೋಸ್ಟಮನ್ ಆಹೇ?" ಎಂದು ಮೊರ ಕೆಳಗಿಟ್ಟು ನನ್ನ ಮೇಲೆ ಹರಿಹಾಯ್ದಳು. ನಾನೇನು ಅಂಚೆಯವನೇ, ನಿಮ್ಮ ಟಪಾಲು ಹೊತ್ತು ಸಾಕಾಗಿದೆ, ನಿಮ್ಮ ಗಂಡನ ಜೊತೆ ನೀವೇ ಮಾತಾಡಿಕೊಳ್ಳಿ ಎಂದಳು. ಅವಳದು ತಪ್ಪಲ್ಲ. ಆದರೆ ಏನಂತ ಮಾತಾಡಲಿ ಇಂದೂ? ಅವರ ಬಟ್ಟೆ ಒಗೆದಿದ್ದೇನೆ, ಜ್ವರ ಬಂದಾಗ ಹಣೆಗೆ ಪಟ್ಟಿ ಹಾಕಿದ್ದೇನೆ. ಆದರೆ ಅವರಿಗೆ ಯಾವುದು ಸೇರುತ್ತದೆ, ಯಾವುದಕ್ಕೆ ಬೇಸರ ಎಂದು ನನಗೆ ಗೊತ್ತಿರಲಿಲ್ಲ. ಸಂಜೆ ದೀಪ ಹಚ್ಚಿ ಕೂತರೆ ಅಂಜಿಕೆಯಾಗುತ್ತಿತ್ತು. ಇನ್ನು ಸಾಯುವವರೆಗೂ ಹೀಗೇ, ಎದುರಿಗೊಬ್ಬರು ಇದ್ದೂ ಇಲ್ಲದ ಹಾಗೆ ಬದುಕಬೇಕಲ್ಲ ಎಂದು ಎದೆ ಒಡೆಯುತ್ತಿತ್ತು.

ಅದಕ್ಕೆ ಸೊಲ್ಲಾಪುರಕ್ಕೆ, ನಿನ್ನ ಸೋದರಮಾವ ರಾಘಣ್ಣನ ಮನೆಗೆ ಹೊರಟೆ. ನಾಲ್ಕು ದಿನ ಇದ್ದು ಬರೋಣ ಅಂತ. ಇಲ್ಲ, ನಿನ್ನ ಹತ್ತಿರ ಸುಳ್ಳು ಯಾಕೆ? ಟ್ರಂಕಿನಲ್ಲಿ ಇಳಕಲ್ಲ ಸೀರೆಗಳನ್ನೂ ಇಟ್ಟುಕೊಂಡಿದ್ದೆ, ನನ್ನ ಪೂಜೆಯ ಬೆಳ್ಳಿ ಬಟ್ಟಲನ್ನೂ ಇಟ್ಟುಕೊಂಡಿದ್ದೆ. ತಿರುಗಿ ಬರುವ ಮನಸ್ಸಿರಲಿಲ್ಲ. ರಂಗೂಬಾಯಿಗೆ ಕೈಮುಗಿದು, ಇದೊಂದೇ ಸಲ, ನಾನು ಊರಿಗೆ ಹೊರಟಿದ್ದೇನೆ, ಟಿಕೀಟು ತರಲಿ ಎಂದು ಹೇಳಿಸಿದೆ. ಯಾವ ಊರಿಗೆ ಎಂದು ನಾನು ಹೇಳಲಿಲ್ಲ. ಅವರೂ ಕೇಳಿ ಕಳಿಸಲಿಲ್ಲ. ಮರುದಿನ ಟಾಂಗಾ ಬಂದು ಬಾಗಿಲಲ್ಲಿ ನಿಂತಿತು.

ಸ್ಟೇಶನ್ನಿನಲ್ಲಿ ಯಾವಾಗಿನಂತೆ ಅವರು ಮುಂದೆ, ಅವರ ಹಿಂದೆ ಟ್ರಂಕು ಹೊತ್ತ ಹಮಾಲ, ಅವನ ಹಿಂದೆ ನಾನು. ನಿನಗೆ ಗೊತ್ತಲ್ಲ, ನಿನ್ನ ಅಪ್ಪ ನಡೆಯಲಿಕ್ಕೆ ಹತ್ತಿದರೆ ತಿರುಗಿ ನೋಡುವ ರೂಢಿಯಿಲ್ಲ. ನಡುವೆ ಯಾವುದೋ ಮದುವೆಯ ದಿಬ್ಬಣ ನುಗ್ಗಿತು. ದಿಬ್ಬಣ ದಾಟಿ ನೋಡಿದರೆ ಇಬ್ಬರೂ ಮಾಯ! ಒಂದು ಕಡೆ ಸೊಲ್ಲಾಪುರದ ಗಾಡಿ ನಿಂತಿತ್ತು. ಇಲ್ಲೇ ಬರುತ್ತಾರೆ ಎಂದು ಅದರ ಮುಂದೆ ನಿಂತೆ. ಬರಲಿಲ್ಲ. ಕತ್ತು ಚಾಚಿ ಅತ್ತ ನೋಡಿದರೆ ಆಚೆ ಬದಿಗೆ ಧಾರವಾಡದ ಗಾಡಿ, ಅದರ ಕಿಟಕಿಯಲ್ಲಿ ನಿನ್ನ ಅಪ್ಪನ ಕೆಂಪು ರುಮಾಲು! ಊರಿಗೆ ಎಂದರೆ ಮಗಳ ಊರಿಗೇ ಎಂದು ಅವರು ತಿಳಿದಿದ್ದರು. ನನ್ನ ಟ್ರಂಕು ಇಟ್ಟುಕೊಂಡು ನನಗೆ ಜಾಗ ಹಿಡಿದು ಕೂತಿದ್ದರು.

ಅಷ್ಟರಲ್ಲಿ ಆ ಗಾಡಿಯ ಗಂಟೆ ಹೊಡೆಯಿತು. ಅವರು ಅತ್ತ ಹೋದರೆ ನಾನು ಇತ್ತ ಹೋಗುವೆ, ಆಮೇಲೆ ಯಾರು ಯಾರನ್ನು ಹುಡುಕಿಕೊಂಡು ಬರುತ್ತಾರೆ? ಇಬ್ಬರಲ್ಲಿ ಒಬ್ಬರೂ ಬರುವುದಿಲ್ಲ ಎಂದು ಆ ಕ್ಷಣದಲ್ಲಿ ನನಗೆ ಸ್ಪಷ್ಟ ತಿಳಿಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದೆ. "ಏನ್ರೀ!" ಎಂದೆ. ತಿರುಗಲಿಲ್ಲ. "ಅಹೋ!" ಎಂದೆ. ಅಯ್ಯ, ಆ ಪ್ಲಾಟ್‌ಫಾರ್ಮಿನಲ್ಲಿದ್ದ ಗಂಡಸರೆಲ್ಲ ತಿರುಗಿ ನೋಡಿದರು! ಎಲ್ಲರ ಹೆಂಡಂದಿರೂ ಹಾಗೇ ಕರೆಯುತ್ತಾರಲ್ಲ ಈ ಊರಿನಲ್ಲಿ. ನನ್ನ ಗಂಡನೊಬ್ಬನೇ ತಿರುಗಲಿಲ್ಲ. ಗಾರ್ಡು ಹಸಿರು ನಿಶಾನೆ ಎತ್ತಿದ. ಆಗ ನಾನು ಹೆಸರು ಹಿಡಿದು ಕೂಗಿದೆ ಇಂದೂ. ಎದೆಯಲ್ಲಿದ್ದ ಉಸಿರೆಲ್ಲ ಹಾಕಿ ಕೂಗಿದೆ. ಏನೆಂದು ಕೂಗಿದೆ ಎಂದು ಮಾತ್ರ ಕೇಳಬೇಡ. ಗಂಡನ ಹೆಸರು, ಹೆಂಗಸು ಹೇಗೆ ಕೂಗಬೇಕೋ ಹಾಗೆ ಕೂಗಿದೆ, ಸಾಕು.

ಟ್ರಂಕು ಎಳೆದುಕೊಂಡು ಜಿಗಿದರು. ಗಾಡಿ ಹೋಯಿತು. ಬಂದವರೇ "ಎಲ್ಲಿಗೆ ಹೊಂಟಿದ್ದಿ?" ಎಂದರು, ನನ್ನ ಮುಖ ನೋಡಿ, ನನಗೇ.

"ಸೊಲ್ಲಾಪುರಕ್ಕ!" ಎಂದೆ.

"ಮತ್ತ ಮೊದಲ ಹೇಳಬಾರದ?"

"ನೀವು ಕೇಳಬಾರದೇನ್ರಿ?"

"ಇಷ್ಟ ವರ್ಷ ಬಾಯಿಗೆ ಕೀಲಿ ಹಾಕ್ಕೊಂಡು ಕೂತೀ, ಕೇಳಿದ್ರ ಹೇಳತಿದ್ದೇನು?"

"ಕೇಳೇ ನೋಡಿಲ್ಲ ನೀವು! ಮದುವ್ಯಾದಾಗಿಂದ ಒಂದ ದಿನಾ ಕೇಳಿಲ್ಲ!"

ಹೀಗೆ ಹತ್ತಿತು. ಅಬ್ಬಾ, ಎಷ್ಟು ಜಗಳ ಹೊಟ್ಟೆಯಲ್ಲಿತ್ತೋ! ಅತ್ತೆಯವರ ಕಾಲದ್ದು, ನೀನು ಹುಟ್ಟಿದಾಗಿನದು, ನನ್ನನ್ನು ಕೇಳದೆ ಮಾರಿದ ಆಕಳಿನದು, ಎಲ್ಲ ಹೊರಗೆ ಬಂತು. ಸೊಲ್ಲಾಪುರದ ಗಾಡಿಯೂ ಅದರ ನಡುವೆ ಯಾವಾಗಲೋ ಹೋಗಿಬಿಟ್ಟಿತು. ಜನ ನಿಂತು ನೋಡುತ್ತಿದ್ದರು. ನೋಡಲಿ, ಕನ್ನಡ ತಿಳಿದವರು ಎಷ್ಟು ಮಂದಿ ಇದ್ದಾರು ಎಂದು ನಾನು ಇನ್ನೂ ದನಿ ಏರಿಸಿದೆ. ಬೈದು ಬೈದು ಹಗುರಾದೆ, ನಿಜ ಹೇಳುತ್ತೇನೆ.

ಕಡೆಗೆ, ನನ್ನ ಟಿಕೀಟು ಕೊಡ್ರಿ ಇಲ್ಲಿ ಎಂದು ಕೈ ಚಾಚಿದೆ. ಕೋಟಿನ ಕಿಸೆಯಿಂದ ತೆಗೆದರು. ಎರಡು ಟಿಕೀಟು. ಎರಡೂ ಧಾರವಾಡದವು. "ಎರಡ್ಯಾಕ್ರಿ?" ಎಂದೆ. ಟಿಕೀಟುಗಳನ್ನು ತಿರುವಿ ತಿರುವಿ ನೋಡಿದರು. ಆಮೇಲೆ, "ನೀ ಹೋಗಿ ಇಂದೂನ ಕಡೆ ಕೂತ್ರ ನಾ ಒಬ್ಬಾಂವ ಇಲ್ಲಿ ಏನ್ ಮಾಡ್ಲಿ? ಮೊದಲ ಹೇಳಿದ್ರ ಬ್ಯಾಡ ಅಂತಿದ್ದೀಯೋ ಏನೋ" ಎಂದರು. ಕಚೇರಿಯಲ್ಲಿ ಇಡೀ ಸೆಕ್ಷನ್ನನ್ನು ನಡುಗಿಸುತ್ತಿದ್ದ ಮನುಷ್ಯ, ಹುಡುಗರ ಹಾಗೆ ನೆಲ ನೋಡುತ್ತ ನಿಂತಿದ್ದರು. ನನ್ನ ಸಿಟ್ಟೆಲ್ಲ ಅಲ್ಲಿಗೇ ಇಳಿಯಿತು.

ಟ್ರಂಕಿನ ಮೇಲೆ ಇಬ್ಬರೂ ಕೂತೆವು. ಬುತ್ತಿ ಬಿಚ್ಚಿದೆ. ಚಪಾತಿ, ಶೇಂಗಾ ಚಟ್ನಿ, ಹಾಗಲಕಾಯಿ ಪಲ್ಯ. ಅವರು ಪಲ್ಯವನ್ನು ಮೆಲ್ಲಗೆ ಬದಿಗೆ ಸರಿಸಿ, "ಇವತ್ತ ಹೇಳಿಬಿಡ್ತೀನಿ, ನನಗ ಇದು ಒಟ್ಟ ಸೇರೂದಿಲ್ಲ" ಎಂದರು. ನನಗೂ ಸೇರುವುದಿಲ್ಲ ಕಣೇ! ಅವರಿಗಾಗಿ ನಾನು ಮಾಡುತ್ತಿದ್ದೆ, ನಾನು ಮಾಡುತ್ತೇನೆಂದು ಅವರು ತಿನ್ನುತ್ತಿದ್ದರು. ಸೇರುತ್ತಿದ್ದದ್ದು ಅತ್ತೆಯವರಿಗೆ, ಅವರು ಹೋಗಿ ಎಷ್ಟು ಕಾಲವಾಯಿತು! ಇಬ್ಬರೂ ನಕ್ಕು ನಕ್ಕು ನನಗೆ ನೆತ್ತಿಗೆ ಹತ್ತಿತು. ಬೆನ್ನು ತಟ್ಟಿದರು, ಅಷ್ಟು ಜನರ ಎದುರಿಗೆ.

ಟಾಂಗಾದಲ್ಲಿ ನನ್ನ ಪಕ್ಕಕ್ಕೇ ಕೂತು ಮನೆಗೆ ಬಂದರು. ಈಗ ದಿನಾ ಸಂಜೆ ಓಂಕಾರೇಶ್ವರದ ಗುಡಿಯ ಕಡೆ ಹೋಗಿ ಹೊಳೆಯ ಮೆಟ್ಟಿಲ ಮೇಲೆ ಕೂಡುತ್ತೇವೆ. ಮೊದಮೊದಲು ಮಾತು ನಿಂತು ನಿಂತು ಬರುತ್ತಿತ್ತು. ಈಗ ಅವರ ಬಾಯಿ ಮುಚ್ಚಿಸುವುದೇ ಒಂದು ಕೆಲಸ. ನಿನ್ನೆ ಚಹದ ಸಕ್ಕರೆಯ ಸಲುವಾಗಿ ಜಗಳವಾಯಿತು, ನಾನು ಗೆದ್ದೆ. ನಿಮ್ಮ ಗದ್ದಲದಲ್ಲಿ ಮಧ್ಯಾಹ್ನ ಕಣ್ಣು ಹತ್ತುವುದಿಲ್ಲ ಎಂದು ರಂಗೂಬಾಯಿಯ ಹೊಸ ತಕರಾರು. ಈ ವಯಸ್ಸಿನಲ್ಲಿ ನನಗೆ ಮದುವೆಯಾದಂತಾಗಿದೆ ಇಂದೂ. ಬರೆಯಲಿಕ್ಕೆ ನಾಚಿಕೆ, ಆದರೂ ಬರೆದಿದ್ದೇನೆ.

ಇನ್ನು ನಿನ್ನ ವಿಷಯ. ನಾದಿನಿ ಕುಸುಮ ನಿಮ್ಮಿಬ್ಬರ ಮಾತು ಆ ಕಡೆ ಈ ಕಡೆ ಒಯ್ಯುತ್ತಾಳೆ, ಭಾಳ ಶಾಣ್ಯಾ ಹುಡುಗಿ ಎಂದು ಹೊಗಳಿ ಬರೆದಿದ್ದೀಯಲ್ಲ, ಅದನ್ನು ಓದಿಯೇ ನನ್ನ ಜೀವ ಝಲ್ಲೆಂದಿತು. ಆ ಕೂಸನ್ನು ಆಟಕ್ಕೆ ಬಿಡು. ನಾಳೆಯೇ ಊಟಕ್ಕೆ ಬಡಿಸುವಾಗ, ನಿಮ್ಮ ಅತ್ತೆಯವರ ಎದುರಿಗೇ, "ಇನ್ನೊಂದು ಚಪಾತಿ ಹಾಕ್ಲೇನ್ರಿ?" ಎಂದು ಗಂಡನನ್ನು ಕೇಳು. ಅಷ್ಟೇ ಸಾಕು. ಆಕಾಶ ಕಳಚಿ ಬೀಳುವುದಿಲ್ಲ. ಮರುದಿನ ಇನ್ನೊಂದು ಮಾತು ಆಡು. ಅತ್ತೆಯವರು ಮುಖ ಸಿಂಡರಿಸಿದರೆ ಅವರನ್ನೂ ಮಾತಾಡಿಸು, ಅವರನ್ನಾದರೂ ಆ ಮನೆಯಲ್ಲಿ ಯಾರು ನೆಟ್ಟಗೆ ಮಾತಾಡಿಸಿದ್ದಾರೆ? ನಾನು ಕಳೆದುಕೊಂಡ ವರ್ಷಗಳನ್ನು ನೀನು ಕಳೆದುಕೊಳ್ಳಬೇಡ ನನ್ನ ತಾಯೀ.

ಯುಗಾದಿಗೆ ಬಾ, ಗಂಡನನ್ನು ಕರೆದುಕೊಂಡು ಬಾ, ಅತಿಥಿಯ ಹಾಗೆ ಕೂತು ಹೋಳಿಗೆ ತಿಂದು ಹೋಗು. ಮಾತು ಹೊರಲಿಕ್ಕೆ ಬರುವುದಾದರೆ ಬಾಗಿಲು ತೆರೆಯುವುದಿಲ್ಲ.

ನಿನ್ನ ಮಾತಿನ ಮಲ್ಲಿ ಅವ್ವ,
ಕೃಷ್ಣಾಬಾಯಿ

ತಾ. ಕ.: ಇಂದೂ, ಇದು ನಿನ್ನ ಅಪ್ಪನ ಅಕ್ಷರ. ಪತ್ರ ಡಬ್ಬಿಗೆ ಹಾಕಲು ನನಗೆ ಕೊಟ್ಟಳು. ಓದಬೇಡಿ ಎನ್ನಲಿಲ್ಲ, ಆದ್ದರಿಂದ ಓದಿದೆ. ಅವಳು ಮುಚ್ಚಿಟ್ಟದ್ದನ್ನು ನಾನು ಬರೆಯುತ್ತೇನೆ. ಅವಳು ಕೂಗಿದ್ದು ಪ್ರಲ್ಹಾದರಾವ್ ಎಂದಲ್ಲ. "ಪಲ್ಲ್ಯಾ!" ಎಂದು ಕೂಗಿದಳು. ನನ್ನ ಅವ್ವ ಕರೆಯುತ್ತಿದ್ದ ಹೆಸರು, ಅವ್ವನದೇ ದನಿ. ಅವ್ವ ಹೋದ ಮೇಲೆ ಅದನ್ನು ಯಾರ ಬಾಯಿಂದಲೂ ಕೇಳಿರಲಿಲ್ಲ. ಇನ್ನೊಂದು ಮಾತು. ಮೊದಲು "ಏನ್ರೀ" ಎಂದದ್ದು ನನಗೆ ಕೇಳಿಸಿತ್ತು. "ಅಹೋ" ಕೂಡ ಕೇಳಿಸಿತ್ತು. ಅವಳ ದನಿ ನನಗೆ ಗುರುತು ಸಿಗದೇ ಇದ್ದೀತೇ? ಇನ್ನೊಮ್ಮೆ ಕರೆದಾಳೋ ಇಲ್ಲವೋ ಎಂದು ಟ್ರಂಕಿನ ಹಿಡಿಕೆ ಹಿಡಿದು ಕೂತಿದ್ದೆ. ಇದನ್ನು ನಿನ್ನ ಅವ್ವನಿಗೆ ನೀನು ಬರೆಯಬೇಡ. ನಾನೇ ಹೇಳುತ್ತೇನೆ.