ಜನರ ಪುಡಿ, ನನ್ನ ಪುಡಿ

ಶ್ರೀ ಗುರು ಕೊಟ್ಟೂರೇಶ್ವರ ಪ್ರಸನ್ನ

ಹರಪನಹಳ್ಳಿ
೭-೮-೧೯೯೬

ಅಮೃತಾಳ ಅಪ್ಪನವರಿಗೆ ನಾಗಲಿಂಗಮ್ಮ ಮಾಡುವ ಶರಣು.

ಮಗಳ ಮನೆಗೆ ಬಂದು ತಿಂಗಳಾಯಿತು. ಮುಟ್ಟಿದ ಕೂಡಲೇ ನಾಲ್ಕು ಸಾಲು ಬರೆಯುತ್ತೇನೆ ಎಂದವಳು ಬರೆಯಲಿಲ್ಲ, ಕ್ಷಮಿಸಿ. ಅಮೃತಾ, ಅಳಿಯ ಇಬ್ಬರೂ ಸುಖವಾಗಿದ್ದಾರೆ. ಮೊದಮೊದಲು ಪುರುಸೊತ್ತಾಗಲಿಲ್ಲ. ಈ ನಾಲ್ಕು ದಿನ ಸಿಟ್ಟಿಗೆ ಪೆನ್ನು ಹಿಡಿಯಲು ಆಗಲಿಲ್ಲ. ಇವತ್ತೂ ಸಿಟ್ಟು ಇಳಿದಿಲ್ಲ, ಆದರೂ ಬರೆಯುತ್ತಿದ್ದೇನೆ.

ನಿಮ್ಮ ಮಗಳು ಪಾಠ ಹೇಳುವ ಫಾರ್ಮಸಿ ಕಾಲೇಜಿನಲ್ಲಿ ನೋವು, ಬಾವಿನ ನಾಟಿ ಔಷಧಿಗಳನ್ನು ಪರೀಕ್ಷೆ ಮಾಡುತ್ತಿದ್ದಾರೆ. "ಯವ್ವಾ, ಅಪ್ಪನ ಮೊಣಕಾಲು ಪುಡಿನೂ ನೋಡೂಣು. ಅಪ್ಪನ ಹೆಸರು ಹಾಕಿ ಬರೀತೀನಿ" ಎಂದಳು. ನನಗೆ ಎಷ್ಟು ಹಿಗ್ಗಾಯಿತು ಗೊತ್ತೇ? ನೀವು ನನಗೆಂದು ಬೇರೆ ಡಬ್ಬಿಯಲ್ಲಿ ಕೊಡುವ ಪುಡಿಯನ್ನೂ, ಬಂದವರಿಗೆ ಕೊಡುವ ಪುಡಿಯ ಪೊಟ್ಟಣವನ್ನೂ ಅವಳ ಕೈಗಿಟ್ಟೆ. ಎರಡೂ ಒಂದೇ, ಲಕ್ಕಿ ಸೊಪ್ಪು, ಅಮೃತಬಳ್ಳಿ, ಒಣಶುಂಠಿ ಎಂದೂ ಹೇಳಿದೆ.

ಇಲಿಯ ಹಿಂಗಾಲಿಗೆ ಸೂಜಿ ಚುಚ್ಚಿ ಬಾವು ಬರಿಸುತ್ತಾರಂತೆ. ಪುಡಿ ಕುಡಿಸಿ ತಾಸಿಗೊಮ್ಮೆ ಅಳೆಯುತ್ತಾರೆ. ನನ್ನ ಡಬ್ಬಿಯ ಪುಡಿಗೆ ಬಾವು ಒಂದಿಷ್ಟು ಇಳಿಯಿತು. ಜನರ ಪುಡಿಗೆ ಬಾವು ಇದ್ದ ಗುರುತೇ ಉಳಿಯಲಿಲ್ಲ. ಹುಡುಗರು ಚಪ್ಪಾಳೆ ತಟ್ಟಿದರಂತೆ. ಇವಳ ಮುಖ ಮಾತ್ರ ಬಾಡಿತು. "ಸೊಪ್ಪು ಇಷ್ಟು ಜಲ್ದಿ ಕೆಲಸ ಮಾಡಂಗಿಲ್ಲವ್ವಾ" ಎಂದು ಇನ್ನೊಂದು ಪರೀಕ್ಷೆ ಮಾಡಿದಳು. ಜನರ ಪುಡಿಯಲ್ಲಿ ಔಷಧಿ ಅಂಗಡಿಯ ಸ್ಟಿರಾಯ್ಡ್ ಮಾತ್ರೆ ಅರೆದು ಸೇರಿಸಿದ್ದು ಸಿಕ್ಕಿತು. ನನ್ನದರಲ್ಲಿ ಬರೀ ಸೊಪ್ಪು, ಬಳ್ಳಿ, ಶುಂಠಿ.

"ಅಪ್ಪಗ ಗೊತ್ತಿತ್ತು. ಗೊತ್ತಿದ್ದಕ್ಕ ನಿನಗ ಅದನ್ನ ಕೊಟ್ಟಿಲ್ಲ" ಎಂದಳು. ಆಮೇಲೆ ಕಣ್ಣೊರೆಸಿಕೊಂಡು, "ನಿನ್ನನ್ನಾರ ಉಳಿಸ್ಯಾನಲ್ಲ, ಅಷ್ಟು ಸಾಕು" ಎಂದಳು.

ನನಗೆ ಸಾಕಾಗಿಲ್ಲ. ಹೊಸಹಳ್ಳಿಯ ಚೌಡಣ್ಣ ನೆನಪಿದ್ದಾನೆಯೇ? ಇಬ್ಬರ ಹೆಗಲ ಮೇಲೆ ಬಂದವನು ಹದಿನೈದು ದಿನಕ್ಕೆ ಹೊಲಕ್ಕೆ ನಡೆದು ಹೋದ. ಅದನ್ನು ಊರೂರಿಗೆ ಹೇಳಿಕೊಂಡು ತಿರುಗಿದಿರಿ. ಎರಡು ವರ್ಷ ತಿಂದ, ಮುಖ ಊದಿತು. ಹೋದ ದೀಪಾವಳಿ ಮುಂದೆ, ಎದ್ದು ನಿಂತವನು ಕುಸಿದು ಬಿದ್ದ, ಮೇಲೇಳಲಿಲ್ಲ. ಅವನ ಹೆಂಡತಿ ಹಂಪಕ್ಕ ನಮ್ಮ ಕಟ್ಟೆಯ ಮೇಲೆ ಕೂತು ಅತ್ತಳಲ್ಲ: "ಪುಡಿ ಮುಗಿದಿತ್ರಿ ಅಪ್ಪಾರ. ಶೇಂಗಾ ಕೀಳಾದು ಬಿಟ್ಟು ಬರಾಕ ಆಗ್ಲಿಲ್ಲ, ಐದು ದಿನ ತಡ ಮಾಡಿದೆ. ನಾನ ಕೊಂದೆ ಅವನ್ನ." ಆ ಮಾತ್ರೆ ಒಮ್ಮೆಗೇ ನಿಂತರೆ ಹಾಗಾಗುತ್ತದೆ ಎಂದು ಅಮೃತಾ ಹೇಳುತ್ತಾಳೆ. ನೀವು ಆ ಹೆಂಗಸಿನ ಹಣೆಗೆ ವಿಭೂತಿ ಹಚ್ಚಿ, "ಶಿವನ ಇಚ್ಛೆ, ಹೋಗವ್ವಾ" ಎಂದು ಕಳಿಸಿದಿರಿ. ಯಾವ ಬಾಯಲ್ಲಿ ಅಂದಿರಿ? ಪಕ್ಕದಲ್ಲೇ ನಿಂತು ಅವಳಿಗೆ ನೀರು ಕೊಟ್ಟವಳು ನಾನು. ಅದೂ ನನ್ನನ್ನು ಸುಡುತ್ತಿದೆ.

ಈಗ ಮಾಡಬೇಕಾದ್ದು ಕೇಳಿ. ಪುಡಿ ನಿಲ್ಲಬೇಕು. ಹಾಗೆಂದು ಬಾಗಿಲು ಹಾಕಿಕೊಂಡು ಕೂತರೆ ತಿನ್ನುವವರೆಲ್ಲ ಚೌಡಣ್ಣನ ದಾರಿ ಹಿಡಿಯುತ್ತಾರೆ. ಒಬ್ಬೊಬ್ಬರಿಗೂ ಅದರಲ್ಲಿ ಏನಿತ್ತೆಂದು ಹೇಳಿ ದೊಡ್ಡಾಸ್ಪತ್ರೆಗೆ ಕಳಿಸಿ, ಡಾಕ್ಟರು ಮೆಲ್ಲಗೆ ಬಿಡಿಸುತ್ತಾರೆ. ಹಂಪಕ್ಕನ ಮನೆಗೆ ನೀವೇ ಹೋಗಿ, ಕೊಂದದ್ದು ಅವಳಲ್ಲ ಎಂದು ಹೇಳಿ. ಸೋಮವಾರದೊಳಗೆ ಆಗದಿದ್ದರೆ ನಾನೇ ಬಂದು ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಹೇಳುತ್ತೇನೆ. ಮರ್ಯಾದೆ ಹೋಗುತ್ತದೆ ಎಂದು ನನ್ನ ಮುಂದೆ ಅನ್ನಬೇಡಿ.

ಹೊತ್ತಿಗೆ ಸರಿಯಾಗಿ ಉಣ್ಣಿ. ಕೊಟ್ಟೂರೇಶ್ವರ ನಿಮಗೆ ನಿಜ ಹೇಳುವ ಧೈರ್ಯ ಕೊಡಲಿ.

ಇಂತಿ ನಿಮ್ಮ
ನಾಗಲಿಂಗಮ್ಮ

ತಾ.ಕ.: ನಿಮ್ಮ ಡಬ್ಬಿಯ ಪುಡಿ ನನ್ನ ನೋವಿಗೆ ಸಾಲುತ್ತಿರಲಿಲ್ಲ. ಊರವರೆಲ್ಲ ಎದ್ದು ಓಡಾಡುವಾಗ ನಾನೊಬ್ಬಳು ಗೋಡೆ ಹಿಡಿದು ನಡೆಯುತ್ತಿದ್ದೆ. ಒಳ್ಳೆಯದನ್ನು ಜನರಿಗೆ ಕೊಟ್ಟು ಹೆಂಡತಿಗೆ ಜೊಳ್ಳು ಕೊಡುತ್ತಾರೆ ಎಂದು ಮುನಿದು, ನೀವು ಸ್ನಾನಕ್ಕೆ ಹೋದಾಗ ಜನರ ಪುಡಿಯನ್ನೇ ಕದ್ದು ತಿಂದೆ. ಎರಡು ವರ್ಷ. ಅಮೃತಾಳಿಗೆ ಕೊಟ್ಟ ಪೊಟ್ಟಣ ಹಾಗೆ ತಂದದ್ದೇ. ಮಾತ್ರೆಯ ಸುದ್ದಿ ತಿಳಿದ ದಿನ, ನನ್ನ ಹತ್ತಿರ ಉಳಿದದ್ದನ್ನೆಲ್ಲ ಬಚ್ಚಲಿಗೆ ಸುರಿದೆ. ಒಮ್ಮೆಗೇ ಬಿಡಬಾರದು ಎಂದು ಅವಳು ಹೇಳಿದ್ದು ಮರುದಿನ. ಇವತ್ತಿಗೆ ನಾಲ್ಕು ದಿನ, ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಬರುತ್ತಿದೆ. ನನ್ನನ್ನು ನೀವು ಉಳಿಸಿದಿರಿ ಎಂಬುದೊಂದೇ ಅವಳಿಗಿದ್ದ ಸಮಾಧಾನ, ಅದಕ್ಕೇ ಬಾಯಿ ಬಿಟ್ಟಿರಲಿಲ್ಲ. ಈ ಕಾಗದ ಅಂಟಿಸುವ ಮುಂಚೆ ಅವಳಿಗೆ ಓದಲು ಕೊಡುತ್ತೇನೆ.